ಕನ್ನಂಬಾಡಿ ಕಟ್ಟೆಯ ಸಂಧಾನ

ದೊಡ್ಡ ಕಾಮಗಾರಿಯ ಹೊಣೆ ಹೊತ್ತವರಿಗೆ ಸಂಧಾನವೂ ಕೆಲಸದ ಒಂದಂಗವೆಂಬುದಕ್ಕೆ ಕನ್ನಂಬಾಡಿಯ ಇತಿಹಾಸವನ್ನು ನಾವು ನಿದರ್ಶನವಾಗಿ ಎತ್ತಿಕೊಳ್ಳುತ್ತೇವೆ. 1892ರ ಒಪ್ಪಂದದಂತೆ ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಕಾವೇರಿಗೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ. 1911ರಲ್ಲಿ ಚಿಕ್ಕ ಕಟ್ಟೆಗಷ್ಟೇ ಅನುಮತಿ ದೊರೆತರೂ ವಿಶ್ವೇಶ್ವರಯ್ಯನವರು ಅಸ್ತಿಭಾರವನ್ನು ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕಿಸಿದರು. ಇದು ದೂರದೃಷ್ಟಿಯೆಂದು ನಾವೆನ್ನುತ್ತೇವೆ, ಮದರಾಸಿನವರಿಗೆ ಹಾಗೆ ತೋರಿರಲಾರದು. 1914ರ ಗ್ರಿಫಿನ್ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಮದರಾಸು ಅದನ್ನೊಪ್ಪದೆ ಮೇಲ್ಮನವಿ ಸಲ್ಲಿಸಿತು. ಗೆದ್ದ ಪಕ್ಷಕ್ಕೂ ನೆಮ್ಮದಿಯಿಲ್ಲವಾಯಿತು.

ಗಂಟು ಸಡಿಲಿದ್ದು ಲೆಕ್ಕದಿಂದ. ತಿರುಚಿನಾಪಳ್ಳಿಯ ಬಳಿಯ ಮೇಲಣೆಕಟ್ಟಿನಲ್ಲಿ ಯಾವ ತಿಂಗಳು ಎಷ್ಟು ನೀರಿರಬೇಕೆಂಬ ನಿಯಮಗಳಿಗೆ ಉಭಯ ಸರಕಾರಗಳ ಮುಖ್ಯ ಇಂಜಿನಿಯರರು 1921ರ ಜುಲೈ ತಿಂಗಳಲ್ಲಿ ಸಹಿ ಹಾಕಿದರು. ನೀರು ಯಾರದೆಂಬ ವಾದ, ಎಷ್ಟೆಂಬ ಪ್ರಶ್ನೆಯಾಗಿ ಮಾರ್ಪಟ್ಟಿತು. 1924ರ ಫೆಬ್ರವರಿ 18ರ ಒಪ್ಪಂದ ಆ ನಿಯಮಗಳನ್ನೇ ಆಧರಿಸಿತು. ಮೈಸೂರಿಗೆ ಪೂರ್ಣ ಎತ್ತರದ ಕಟ್ಟೆ ದೊರೆಯಿತು. ಮದರಾಸಿಗೆ ಮೆಟ್ಟೂರಿನ ದಾರಿ ತೆರೆಯಿತು.