ಚೆಂಡುಹೂವಿನ ರಾಶಿಯೂ ಅರವತ್ತನಾಲ್ಕು ಚುಕ್ಕಿಯೂ

ಬೆಳಗಿನ ಜಾವ ದಾದರ್ ಪಶ್ಚಿಮದ ಮೀನಾತಾಯಿ ಠಾಕ್ರೆ ಹೂಮಾರುಕಟ್ಟೆಗೆ ಹೋದರೆ ಕಣ್ಣು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಗೋಣಿಯಿಂದ ಸುರಿದ ಚೆಂಡುಹೂ ಮೊಣಕಾಲೆತ್ತರ ಬಿದ್ದಿರುತ್ತದೆ. ಪಕ್ಕದಲ್ಲಿ ಸೇವಂತಿಗೆ, ಅದರಾಚೆ ಒದ್ದೆ ಬಟ್ಟೆಯಡಿ ಗುಲಾಬಿ. ತಲೆಹೊರೆಯವರು ದಾರಿ ಬಿಡಿಸಿಕೊಂಡು ನುಗ್ಗುತ್ತಾರೆ. ಕನ್ನಡದಲ್ಲಿ ಒಂದು ವಿಡಿಯೊ ಬ್ಲಾಗ್ ಮಾಡಬೇಕೆಂದು ಹೊರಟಾಗ ಮೊದಲ ಕಂತಿಗೆ ನಾನು ಆರಿಸಿಕೊಂಡದ್ದು ಇದೇ ಜಾಗ. ಹತ್ತು ನಿಮಿಷದ ಚಿತ್ರ. ಜಗತ್ತಿಗೆ ತೋರಿಸುವ ಮೊದಲು ಧಾರವಾಡದ ಸೋದರತ್ತೆಗೆ ಕಳಿಸಿದೆ. ಸಂಜೆ ಫೋನು ಬಂತು.

“ತಮ್ಮಾ, ದನಿ ಅಷ್ಟ ಕೇಳಸ್ತದ, ಚಿತ್ರಾ ಏನೂ ಕಾಣವಲ್ದು.”

ಕಡತದ ಹೆಸರಿನ ಕೊನೆಗೆ ಎಂಪಿ4 ಎಂದೇ ಇತ್ತು. ಎಂಪಿ4 ಎಲ್ಲ ಕಡೆ ತೆರೆಯುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಆದರೆ ಎಂಪಿ4 ಬರೀ ಡಬ್ಬಿ. ಒಳಗೆ ಚಿತ್ರ ಒಂದು ಖಾನೆಯಲ್ಲಿ, ದನಿ ಇನ್ನೊಂದರಲ್ಲಿ, ಯಾವ ಕ್ಷಣದಲ್ಲಿ ಯಾವುದು ಬರಬೇಕೆಂಬ ಪಟ್ಟಿ ಮತ್ತೊಂದರಲ್ಲಿ. ಚಿತ್ರವನ್ನು ಯಾವ ಲೆಕ್ಕದಿಂದ ಕುಗ್ಗಿಸಿ ತುಂಬಿದ್ದಾರೆ ಎಂಬುದೇ ಬೇರೆ ಮಾತು. ಆ ಲೆಕ್ಕಕ್ಕೆ ಕೋಡೆಕ್ ಎನ್ನುತ್ತಾರೆ. ನನ್ನ ಫೋನು 2013ರ ಎಚ್.265 ಕೋಡೆಕ್ಕಿನಲ್ಲಿ ತುಂಬಿತ್ತು. ಅತ್ತೆಯ ಹಳೆಯ ಕಂಪ್ಯೂಟರಿಗೆ ಡಬ್ಬಿಯ ಮುಚ್ಚಳ ತೆಗೆಯಲು ಬಂತು, ದನಿಯ ಖಾನೆಯೂ ಬಿಚ್ಚಿತು, ಚಿತ್ರದ ಖಾನೆ ಮಾತ್ರ ಬಿಚ್ಚಲಿಲ್ಲ.

ಯಾವುದನ್ನು ಆರಿಸಬೇಕು ಎಂದು ಹುಡುಕುತ್ತ ಹೋದವನು, ಕುಗ್ಗಿಸುವುದಾದರೂ ಏಕೆ ಎಂಬಲ್ಲಿಗೆ ಬಂದು ನಿಂತೆ. ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ಚಿತ್ರದಲ್ಲಿ 1920 × 1080, ಅಂದರೆ 20,73,600 ಚುಕ್ಕಿ. ಪ್ರತಿ ಚುಕ್ಕಿಗೆ ಕೆಂಪು, ಹಸಿರು, ನೀಲಿಗೆಂದು ಮೂರು ಬೈಟ್. ಸೆಕೆಂಡಿಗೆ 25 ಚಿತ್ರ. ಒಂದು ಸೆಕೆಂಡಿಗೇ ಹದಿನೈದೂವರೆ ಕೋಟಿ ಬೈಟ್ ಆಯಿತು. ಹತ್ತು ನಿಮಿಷಕ್ಕೆ 93 ಜಿಬಿ. ನನ್ನ ಕಡತ 600 ಎಂಬಿಯ ಆಸುಪಾಸಿನಲ್ಲಿತ್ತು. ನೂರೈವತ್ತು ಪಾಲಿನಲ್ಲಿ ಒಂದು ಪಾಲು ಉಳಿದು ಮಿಕ್ಕದ್ದೆಲ್ಲ ಹೋಗಿದೆ, ಆದರೂ ಹೂವು ಹೂವಾಗಿಯೇ ಕಾಣುತ್ತಿದೆ. ಹೋದದ್ದು ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಹಿಡಿದು ಹೋದರೆ ಸಿಗುವ ಮನುಷ್ಯ ಬೆಂಗಳೂರಿನವರು. ಇದು ತಿಳಿದ ದಿನ ನನಗಾದ ಸಂತೋಷ ಇನ್ನೂ ಆರಿಲ್ಲ.

ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಬಿಷಪ್ ಕಾಟನ್ ಶಾಲೆ, ಆಮೇಲೆ ಕೆ.ಆರ್. ವೃತ್ತದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು. 1961ರಲ್ಲಿ ಪದವಿ ಪಡೆದು ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯಕ್ಕೆ ಹೋಗಿ 1966ರಲ್ಲಿ ಪಿಎಚ್.ಡಿ. ಮುಗಿಸಿದರು. 1968ರಿಂದ ಕಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದರು.

ಚಿತ್ರವನ್ನು ಕುಗ್ಗಿಸುವ ಅತ್ಯುತ್ತಮ ವಿಧಾನ ಯಾವುದೆಂದು ಗಣಿತಜ್ಞರಿಗೆ ಆಗಲೇ ಗೊತ್ತಿತ್ತು. ಅದಕ್ಕೆ ಕಾರೂನೆನ್–ಲೊಯೆವ್ ಪರಿವರ್ತನೆ ಎಂದು ಹೆಸರು. ತೊಡಕೆಂದರೆ ಪ್ರತಿ ಬಗೆಯ ಚಿತ್ರಕ್ಕೂ ಅದರ ಗುಣ ನೋಡಿ ಲೆಕ್ಕವನ್ನೇ ಹೊಸದಾಗಿ ಕಟ್ಟಬೇಕು. ಬೇಗ ಮಾಡಿ ಮುಗಿಸುವ ಒಳದಾರಿಯೂ ಇಲ್ಲ. ಅದರಷ್ಟೇ ಚೆನ್ನಾಗಿ ಕುಗ್ಗಿಸುವ, ಎಲ್ಲ ಚಿತ್ರಕ್ಕೂ ಒಂದೇ ಆಗಿರುವ ಸರಳ ಲೆಕ್ಕ ಬೇಕಿತ್ತು. ಚೆಬಿಷೇವ್ ಬಹುಪದಿಗಳನ್ನು ಅಭ್ಯಾಸ ಮಾಡಿದ್ದ ಅಹ್ಮದರಿಗೆ ಅವುಗಳ ಕೊಸೈನ್ ರೂಪದಲ್ಲಿ ಅಂಥ ಲೆಕ್ಕ ಅಡಗಿರಬಹುದು ಎನ್ನಿಸಿತು. 1972ರಲ್ಲಿ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿಗೆ ಅನುದಾನ ಕೇಳಿ ಬರೆದರು. ಸಿಗಲಿಲ್ಲ. ಈ ವಿಚಾರ ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರಂತೆ. ಸುಮಾರು ಎರಡು ದಶಕದ ಮೇಲೆ, 1991ರಲ್ಲಿ ಈ ಕತೆಯನ್ನು ತಾವೇ ಬರೆದಾಗ ಅಹ್ಮದ್ ಅದನ್ನು ನೆನೆದಿದ್ದಾರೆ.

ಹಣವಿಲ್ಲದೆಯೇ 1973ರ ಬೇಸಿಗೆಯನ್ನು ಅದಕ್ಕೆ ಮೀಸಲಿಟ್ಟರು. ಜತೆಗೆ ಅವರ ಪಿಎಚ್.ಡಿ. ವಿದ್ಯಾರ್ಥಿ ಟಿ. ನಟರಾಜನ್, ಟೆಕ್ಸಾಸಿನ ಆರ್ಲಿಂಗ್ಟನ್ನಿನಲ್ಲಿದ್ದ ಗೆಳೆಯ ಕೆ.ಆರ್. ರಾವ್. ಲೆಕ್ಕ ಬಂದಾಗ ಅದು ಕಾರೂನೆನ್–ಲೊಯೆವ್ ವಿಧಾನದ ಬೆನ್ನಿಗೇ ನಿಂತಿತ್ತು. 1974ರ ಜನವರಿಯಲ್ಲಿ ಐಇಇಇಯ ಕಂಪ್ಯೂಟರ್ ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲಿ ಕೆಲವೇ ಪುಟದ ಲೇಖನ ಬಂತು: ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಕಿರಿದಾಗಿ ಡಿಸಿಟಿ.

ಅದು ಮಾಡುವುದೇನು ಎಂದು ನನಗೆ ಅರ್ಥವಾದದ್ದು ಹೂವಿನ ರಾಶಿಯ ಮುಂದೆಯೇ. ಫೋನಿನಲ್ಲಿ ಅತ್ತೆಗೆ ಚೆಂಡುಹೂವಿನ ರಾಶಿಯನ್ನು ಬಣ್ಣಿಸಬೇಕಾದರೆ ಒಂದೊಂದು ಹೂವಿನ ಬಣ್ಣವನ್ನೂ ಹೇಳುತ್ತ ಕೂರುವುದಿಲ್ಲ. ಒಟ್ಟಿನಲ್ಲಿ ಹಳದಿ, ಎಡಕ್ಕೆ ಹೋದಂತೆ ಕೇಸರಿ, ಕೆಳಗೆ ಸ್ವಲ್ಪ ನೆರಳು ಎನ್ನುತ್ತೇವೆ. ಮೊದಲು ಚಿತ್ರವನ್ನು ಸಾಮಾನ್ಯವಾಗಿ ಎಂಟೆಂಟು ಚುಕ್ಕಿಯ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದಲ್ಲಿ 64 ಚುಕ್ಕಿ, 64 ಅಂಕಿ. ಡಿಸಿಟಿ ಅವನ್ನು 64 ಬಗೆಯ ಅಲೆಗಳ ಮೊತ್ತವಾಗಿ ತಿರುಗಿ ಬರೆಯುತ್ತದೆ. ಮೊದಲನೆಯದು ಚೌಕದ ಒಟ್ಟು ಹೊಳಪು. ಆಮೇಲಿನವು ನಿಧಾನವಾಗಿ ಏರಿಳಿಯುವ ಅಲೆಗಳು, ಕೊನೆಯವು ಚುಕ್ಕಿಯಿಂದ ಚುಕ್ಕಿಗೆ ನಡುಗುವಂಥವು. ಅಕ್ಕಪಕ್ಕದ ಚುಕ್ಕಿಗಳು ಸಾಮಾನ್ಯವಾಗಿ ಒಂದೇ ಥರ ಇರುವುದರಿಂದ ತೂಕವೆಲ್ಲ ಮೊದಲ ಕೆಲವು ಅಲೆಗಳಲ್ಲಿ ಬಂದು ಸೇರುತ್ತದೆ. ಉಳಿದವು ಸೊನ್ನೆಯ ಹತ್ತಿರ. ಅವನ್ನು ಸೊನ್ನೆ ಎಂದೇ ಬರೆದುಬಿಟ್ಟರೂ ಕಣ್ಣಿಗೆ ಗೊತ್ತಾಗುವುದಿಲ್ಲ.

ಅಲೆಗಳ ಮೊತ್ತ ಎಂಬ ವಿಚಾರ ಫೂರಿಯರ್ ಕಾಲದಿಂದ ಇದ್ದದ್ದೇ. ಆದರೆ ಫೂರಿಯರ್ ಲೆಕ್ಕದಲ್ಲಿ ಚೌಕ ಮುಗಿದಲ್ಲಿ ಅದೇ ಚೌಕ ಮತ್ತೆ ಮೊದಲಾಗುತ್ತದೆ. ಬಲ ಅಂಚಿನ ನೆರಳಿಗೆ ಎಡ ಅಂಚಿನ ಬೆಳಕು ಬಂದು ತಾಗಿ ನಡುವೆ ಒಂದು ಜಿಗಿತ ಬೀಳುತ್ತದೆ, ಅದನ್ನು ತುಂಬಲು ಸುಮ್ಮನೆ ಬಹಳ ಅಲೆ ಖರ್ಚಾಗುತ್ತವೆ. ಕೊಸೈನ್ ಲೆಕ್ಕದಲ್ಲಿ ಅಂಚಿಗೆ ಕನ್ನಡಿ ಹಿಡಿದಂತೆ ಚೌಕ ಮಗುಚಿಕೊಳ್ಳುತ್ತದೆ. ನೆರಳಿಗೆ ನೆರಳೇ ತಾಗುತ್ತದೆ, ಜಿಗಿತ ಇಲ್ಲ. ಅನುದಾನ ಸಿಗದಷ್ಟು ಸರಳವೆನಿಸಿದ ವಿಚಾರದ ಬಲವೆಲ್ಲ ಇಷ್ಟರಲ್ಲಿದೆ.

1992ರ ಜೆಪೆಗ್ ಚಿತ್ರ, ಆಮೇಲಿನ ಎಂಪೆಗ್ ವಿಡಿಯೊ, 2003ರ ಎಚ್.264 ಎಲ್ಲವೂ ಇದರ ಮೇಲೆ ನಿಂತವು. ಎಚ್.264 ಅದನ್ನು ಪೂರ್ಣಾಂಕಗಳ ಲೆಕ್ಕಕ್ಕೆ ಇಳಿಸಿಕೊಂಡಿತು. ಜತೆಗೆ ಹಿಂದಿನ ಚಿತ್ರವನ್ನು ನೋಡಿ ಮುಂದಿನದನ್ನು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಡುತ್ತದೆ. ನಿಂತ ಗೋಡೆಗೆ ಖರ್ಚು ಕಡಿಮೆ. ಗೋಣಿಯಿಂದ ಸುರಿಯುವ ಸಾವಿರಾರು ಎಸಳಿಗೆ ಖರ್ಚು ಹೆಚ್ಚು, ಒಂದೂ ಹಿಂದಿನ ಕ್ಷಣ ಇದ್ದಲ್ಲಿ ಇರುವುದಿಲ್ಲವಲ್ಲ! ಹೂ ಸುರಿಯುವ ದೃಶ್ಯಗಳಲ್ಲಿ ಮಾತ್ರ ನನ್ನ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದ್ದುದು ಇದಕ್ಕೇ.

ಚಿಕ್ಕದಾಗಿ ಕುಗ್ಗಿದರೆ ಸಾಕೇ, ಎಲ್ಲರ ಕೈಯಲ್ಲೂ ತೆರೆಯಬೇಡವೇ? ಈ ಪ್ರಶ್ನೆ ದಾದರಿಗೆ ಹಳೆಯದು. ಸ್ಟೇಷನ್ನಿನ ಪೂರ್ವಕ್ಕೆ ಇಂದಿನ ದಾದಾಸಾಹೇಬ್ ಫಾಲ್ಕೆ ರಸ್ತೆ ಇದೆ. ಸಿನಿಮಾ ಮಾಡಲೆಂದು 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮರಾ ಕೊಂಡ ಫಾಲ್ಕೆಯವರು ಜತೆಗೆ ಫಿಲ್ಮಿಗೆ ತೂತು ಹೊಡೆಯುವ ಯಂತ್ರವನ್ನೂ ತಂದರು. ಕಚ್ಚಾ ಫಿಲ್ಮಿಗೆ ತೂತು ಇರುತ್ತಿರಲಿಲ್ಲ, ತೂತಿಲ್ಲದೆ ಅದು ಕ್ಯಾಮರಾದಲ್ಲಿ ಓಡುತ್ತಿರಲಿಲ್ಲ. ದಾದರಿನ ಮನೆಯಲ್ಲಿ ಕತ್ತಲೆಯಲ್ಲಿ ಕೂತು ಆ ಕೆಲಸ ಮಾಡಿದವರು ಅವರ ಪತ್ನಿ ಸರಸ್ವತಿಬಾಯಿ. ಹಾಗೆ ತಯಾರಾದ ಫಾಲ್ಕೆಯವರ ಚಿತ್ರ ‘ರಾಜಾ ಹರಿಶ್ಚಂದ್ರ’ 3,700 ಅಡಿ ಉದ್ದ. ಅಡಿಗೆ 16 ಚಿತ್ರ, ಚಿತ್ರಕ್ಕೆ ಎರಡೂ ಬದಿ ಸೇರಿ 8 ತೂತು. ಆ ಉದ್ದಕ್ಕೆ 4,73,600 ತೂತಾಗುತ್ತವೆ. ಸಿನಿಮಾ ಚರಿತ್ರೆಯ ಪುಟಗಳಲ್ಲಿ ಈ ಸಂಖ್ಯೆಯ ಪಕ್ಕ ಆಕೆಯ ಹೆಸರು ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು.

ಮನಸ್ಸಿಗೆ ಬಂದಲ್ಲಿ ಹೊಡೆದ ತೂತುಗಳಲ್ಲ ಅವು. ಎಡಿಸನ್ನರ ಪ್ರಯೋಗಶಾಲೆಯಲ್ಲಿ ಡಿಕ್ಸನ್ ರೂಪಿಸಿದ 35 ಮಿಲಿಮೀಟರ್ ಅಗಲ, ಚಿತ್ರದ ಒಂದು ಬದಿಗೆ ನಾಲ್ಕು ತೂತು ಎಂಬ ಅಳತೆಯನ್ನು 1909ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಚಿತ್ರತಯಾರಕರು ಒಪ್ಪಿಕೊಂಡಿದ್ದರು. 1913ರ ಮೇ 3ರಂದು ಗಿರಗಾಂವಿನ ಕಾರೊನೇಷನ್ನಿನಲ್ಲಿ ಬಿಡುಗಡೆಯಾದ ಚಿತ್ರವನ್ನು ಫಾಲ್ಕೆ ಮರುವರ್ಷ ಲಂಡನ್ನಿಗೆ ಒಯ್ದು ತೋರಿಸಿದರು. ದಾದರಿನಲ್ಲಿ ತಯಾರಾದ ಸುರುಳಿ ಪರದೇಶದ ಯಂತ್ರದ ಹಲ್ಲಿಗೆ ಸರಿಯಾಗಿ ಕೂತಿತು.

ನನ್ನ ಆಯ್ಕೆ ಅಲ್ಲಿಗೆ ಮುಗಿಯಿತು. ಎಚ್.265 ಅದೇ ಗುಣದ ಚಿತ್ರವನ್ನು ಇನ್ನೂ ಚಿಕ್ಕದಾಗಿ ಕುಗ್ಗಿಸುತ್ತದೆ ನಿಜ. ಆದರೆ ಎಲ್ಲರ ಕೈಯಲ್ಲೂ ತೆರೆಯಬೇಕಲ್ಲ. ಹಾಗಾಗಿ ಎಂಪಿ4 ಡಬ್ಬಿ, ಒಳಗೆ ಎಚ್.264 ಚಿತ್ರ, ಎಎಸಿ ದನಿ, ಸೆಕೆಂಡಿಗೆ 8 ಮೆಗಾಬಿಟ್. ಎಸಳು ಸುರಿಯುವ ದೃಶ್ಯಗಳಿಗೆ 12 ಎಂದು ಗೊತ್ತು ಮಾಡಿಕೊಂಡೆ. ಫೋನಿನ ಮೂಲ ಕಡತವನ್ನು ಮಾತ್ರ ಅಳಿಸುವುದಿಲ್ಲ. ಒಮ್ಮೆ ಸೊನ್ನೆ ಎಂದು ಬರೆದ ಅಲೆ ಮತ್ತೆ ಸಿಗುವುದಿಲ್ಲ.

ಹೊಸ ಕಡತ ಧಾರವಾಡ ತಲುಪಿದ ಮೇಲೆ ಅತ್ತೆಯ ಫೋನು ಬಂತು. “ಈಗ ಎಲ್ಲಾ ಛಂದ ಕಾಣಸ್ತದ. ಆ ಹೂವಿನ ರಾಶಿ ಹಿಂದ ಕೂತಾಕಿ ಯಾರು? ಎಷ್ಟ ಛಂದ ಮಾಲಿ ಕಟ್ಟತಾಳ. ಆಕೀ ಕೈ ಇನ್ನೊಂದ್ ಸ್ವಲ್ಪ ಹೊತ್ತ ತೋರಸಬೇಕಾಗಿತ್ತು, ತಮ್ಮಾ.”