ಔಷಧದ ಅನುಮತಿಯೂ ತಜ್ಞರ ಸಲಹೆಯೂ

ಹೊಸ ಔಷಧವೊಂದು ರೋಗಿಯ ಕೈಸೇರುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು: ಅದರಿಂದ ಗುಣವುಂಟೇ? ಕೇಡೆಷ್ಟು? ತಯಾರಕರು ತಮ್ಮ ಪ್ರಯೋಗಗಳ ಅಂಕಿಗಳನ್ನು ಸರಕಾರದ ಮುಂದಿಡುತ್ತಾರೆ. ಆದರೆ ಅಂಕಿಗಳು ತಾವಾಗಿಯೇ ಮಾತನಾಡವು. ಅವುಗಳನ್ನು ತೂಗಿ ನೋಡುವವರು ಬೇಕು. ಇದಕ್ಕಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಮುಖ್ಯವಾದ ಸಂದರ್ಭಗಳಲ್ಲಿ, ಹೊರಗಿನ ವೈದ್ಯರು, ಸಂಖ್ಯಾಶಾಸ್ತ್ರಜ್ಞರು ಮೊದಲಾದವರ ಸಲಹಾ ಮಂಡಲಿಯನ್ನು ಕರೆಯುತ್ತದೆ. ನಮ್ಮ ದೇಶದಲ್ಲಿಯೂ ಔಷಧ ನಿಯಂತ್ರಕರಿಗೆ ಸಲಹೆ ನೀಡುವ ವಿಷಯತಜ್ಞರ ಸಮಿತಿಗಳುಂಟು.

ಅಂಕಿಗಳು ಸ್ಪಷ್ಟವಾಗಿದ್ದರೆ ಮಂಡಲಿಯ ಕೆಲಸ ಸುಲಭ. 2020ರ ಡಿಸೆಂಬರ್ 10ರಂದು ಫೈಜರ್-ಬಯಾನ್‌ಟೆಕ್ ಸಂಸ್ಥೆಗಳ ಕೋವಿಡ್ ಲಸಿಕೆ ಇಂತಹ ಮಂಡಲಿಯ ಮುಂದೆ ಬಂದಿತು. ಪ್ರಯೋಗದಲ್ಲಿ ಸೇರಿದವರು ಸುಮಾರು 44,000 ಮಂದಿ. ಅರ್ಧದಷ್ಟು ಜನರಿಗೆ ಲಸಿಕೆ, ಉಳಿದವರಿಗೆ ಬರಿಯ ಲವಣಜಲ. ಪರಿಣಾಮದ ಲೆಕ್ಕಕ್ಕೆ ಬಂದ 170 ರೋಗಿಗಳಲ್ಲಿ 162 ಮಂದಿ ಲವಣಜಲ ಪಡೆದವರು. ಲಸಿಕೆ ಪಡೆದವರು 8 ಮಂದಿ ಮಾತ್ರ. ಮಂಡಲಿಯಲ್ಲಿ 17 ಮಂದಿ ಲಸಿಕೆಯ ಪರವಾಗಿಯೂ 4 ಮಂದಿ ವಿರೋಧವಾಗಿಯೂ ಮತವಿತ್ತರು, ಒಬ್ಬರು ತಟಸ್ಥರಾಗಿದ್ದರು. ಮರುದಿನವೇ ತುರ್ತುಬಳಕೆಗೆ ಅನುಮತಿ ದೊರೆಯಿತು.

ಅಂಕಿಗಳು ಒಂದಕ್ಕೊಂದು ವಿರುದ್ಧವಾದರೆ ಹೇಗೆ? ಒಂದೇ ತಂತಿಯ ರೋಧವನ್ನು ಇಬ್ಬರು ವಿದ್ಯಾರ್ಥಿಗಳು ಒಂದೇ ಕ್ರಮದಿಂದ ಅಳೆದು ಬೇರೆ ಬೇರೆ ಬೆಲೆ ಪಡೆದರೆಂದುಕೊಳ್ಳೋಣ. ತಮಗೆ ಒಪ್ಪುವ ಬೆಲೆಯನ್ನಿಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡುವುದು ಸರಿಯೆ?

ಆಲ್‌ಜೈಮರ್ ಎಂಬ ಮರೆವಿನ ರೋಗಕ್ಕೆಂದು ಸಿದ್ಧವಾದ ಅಡುಕಾನುಮಾಬ್ ಔಷಧದಲ್ಲಿ ನಡೆದುದು ಇದೇ. ಒಂದೇ ಬಗೆಯ ಎರಡು ಪ್ರಯೋಗಗಳನ್ನು, ಫಲ ಕಾಣುವ ಸಂಭವವಿಲ್ಲವೆಂದು, 2019ರಲ್ಲಿ ನಡುವೆಯೇ ನಿಲ್ಲಿಸಲಾಯಿತು. ಅನಂತರ ಎಲ್ಲ ಅಂಕಿಗಳನ್ನು ಕೂಡಿಸಿ ನೋಡಿದಾಗ, ಒಂದರಲ್ಲಿ ಹೆಚ್ಚಿನ ಪ್ರಮಾಣದ ಔಷಧವು ರೋಗದ ವೇಗವನ್ನು ತುಸು ತಗ್ಗಿಸಿದಂತೆ ತೋರಿತು, ಇನ್ನೊಂದರಲ್ಲಿ ತೋರಲಿಲ್ಲ. ಅನುಕೂಲವಾದ ಪ್ರಯೋಗವನ್ನೇ ಮುಖ್ಯ ಸಾಕ್ಷ್ಯವೆಂದು ಗ್ರಹಿಸಬಹುದೇ ಎಂದು 2020ರ ನವೆಂಬರಿನಲ್ಲಿ ಮಂಡಲಿಯನ್ನು ಕೇಳಲಾಯಿತು. ಹೌದೆಂದವರು ಒಬ್ಬರೂ ಇಲ್ಲ, 10 ಮಂದಿ ಅಲ್ಲವೆಂದರು, ಒಬ್ಬರು ನಿರ್ಧರಿಸಲಾರೆನೆಂದರು.

ಆದರೂ 2021ರ ಜೂನ್‌ನಲ್ಲಿ ಆಡಳಿತವು ಅನುಮತಿಯಿತ್ತಿತು. ಔಷಧವು ಮಿದುಳಿನಲ್ಲಿ ಸೇರುವ ಅಮಿಲಾಯ್ಡ್ ಎಂಬ ವಸ್ತುವನ್ನು ಕಡಮೆ ಮಾಡುವುದರಿಂದ ರೋಗಿಗೂ ಹಿತವಾಗುವ ಸಂಭವವುಂಟು ಎಂಬುದೇ ಅದರ ವಾದ. ಹಿತವನ್ನು ದೃಢಪಡಿಸಲು ಮತ್ತೊಂದು ಪ್ರಯೋಗ ನಡೆಯಬೇಕೆಂದೂ ವಿಧಿಸಿತು. ಮಂಡಲಿಯ ಮೂವರು ಸದಸ್ಯರು ರಾಜೀನಾಮೆಯಿತ್ತರು. 2024ರ ಜನವರಿಯಲ್ಲಿ ಔಷಧವನ್ನು ಕೈಬಿಡುವುದಾಗಿ ತಯಾರಕರು ಸಾರಿದರು. ಅದರ ಗುಣದೋಷಗಳು ಇದಕ್ಕೆ ಕಾರಣವಲ್ಲವೆಂದು ಅವರು ಹೇಳಿದರು. ಆದರೆ ವಿಧಿಸಿದ್ದ ಪ್ರಯೋಗವೂ ಅಲ್ಲಿಗೇ ನಿಂತಿತು. ರೋಗಿಗಳು ಕಾದಿದ್ದ ಉತ್ತರ ದೊರೆಯಲಿಲ್ಲ.

ಹೀಗೆ ಮಂಡಲಿಯ ಸಲಹೆ ಆಜ್ಞೆಯಲ್ಲ. ಅದನ್ನು ಮೀರುವ ಅಧಿಕಾರ ಆಡಳಿತಕ್ಕುಂಟು. ಹಾಗಾದರೆ ಸಲಹೆಯಿಂದ ಪ್ರಯೋಜನವೇನು? ಈ ಚರ್ಚೆ ನಡೆಯುವುದು ಬಹುಮಟ್ಟಿಗೆ ಬಹಿರಂಗವಾಗಿ. ಮತವೂ ಅದರ ಕಾರಣವೂ ಎಲ್ಲರಿಗೂ ತಿಳಿಯುತ್ತವೆ. ಆದುದರಿಂದ, ಸಲಹೆಯನ್ನು ಮೀರಿ ನಡೆದವರು ತಮ್ಮ ಕಾರಣವನ್ನೂ ಜನರೆದುರಿಗೆ ಹೇಳಬೇಕಾಗುತ್ತದೆ. ಅದು ಸಾಕೇ ಸಾಲದೇ ಎಂದು ವಿಚಾರಿಸುವುದು ಆಗ ನಮ್ಮಂಥವರಿಗೂ ಸಾಧ್ಯವಾಗುತ್ತದೆ.