ಬೆಂಗಳೂರು ಬುಲ್ಸ್: ಈ ಹೋರಿ ಯಾರ ಮನೆಯದು?



ಈ ಪುಟದಲ್ಲಿ ಪ್ರತಿ ಸಲ ಕೆಚ್ಚಲು ಬಾವು, ಜಂತಿನ ಔಷಧ, ಕಾಲುಬಾಯಿ ಲಸಿಕೆ ಎಂದು ಬರೆಯುತ್ತೇನೆ. ಈ ಸಲ ಕಬಡ್ಡಿ. ಅದಕ್ಕೆ ಕಾರಣ ನೀವೇ. ಶಹಾಬಾದ, ವಾಡಿ, ಚಿತ್ತಾಪುರ ಭಾಗದ ಸಂಘಗಳಿಗೆ ಬರಡು ದನಗಳ ತಪಾಸಣೆಗೆ ಬಂದಾಗೆಲ್ಲ ಕೆಲಸ ಮುಗಿದ ಮೇಲೆ ಚಹಾ ಕುಡಿಯುತ್ತ ನೀವು ಕೇಳುವ ಪ್ರಶ್ನೆಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತಿವೆ. ಒಂದು: “ಟಿ.ವಿ.ಯಾಗ ಬೆಂಗಳೂರು ಬುಲ್ಸ್ ಅಂತ ಆಡ್ತಾರಲ್ರಿ ಮೇಡಂ, ಅದು ನಮ್ಮ ಸರಕಾರದ್ದೇನ್ರಿ?” ಇನ್ನೊಂದು: “ನಮ್ ಪೋರಿ ಸಾಲಿಯಾಗ ಭಾಳ ಛಲೋ ಆಡ್ತಾಳ್ರಿ, ಅಂಥಾ ಟೀಮಿಗೆ ಹೋಗ್ಬಹುದೇನ್ರಿ?”

ಎರಡಕ್ಕೂ ಚುಟುಕು ಉತ್ತರ ‘ಇಲ್ಲ’ ಎಂಬುದೇ. ಆದರೆ ಅಷ್ಟು ಹೇಳಿ ಎದ್ದುಬಂದರೆ ನಿಮಗೆ ಅನ್ಯಾಯ.

ನಿಮ್ಮ ಆಕಳಿಗೆ ಕೃತಕ ಗರ್ಭಧಾರಣೆ ಮಾಡುವಾಗ ಬಳಸುವ ವೀರ್ಯದ ಕಡ್ಡಿಯ ಮೇಲೆ ಒಂದು ನಂಬರು ಇರುತ್ತದೆ, ನೋಡಿದ್ದೀರಿ. ಆ ನಂಬರು ಹಿಡಿದು ಹಿಂದೆ ಹೋದರೆ ಹೋರಿ ಯಾವುದು, ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂಬುದರ ತನಕ ಹೋಗಬಹುದು. ಈ ಕಬಡ್ಡಿ ಹೋರಿಯ ವಂಶವನ್ನೂ ಹಾಗೇ ಹಿಂದಕ್ಕೆ ನೋಡೋಣ.

2014ಕ್ಕಿಂತ ಮೊದಲು ಕಬಡ್ಡಿಯಲ್ಲಿ ಸಂಬಳದ ಆಟಗಾರ ಎಂದರೆ ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕು, ಇಂಥ ಕಡೆ ನೌಕರಿಯಲ್ಲಿದ್ದವರು. ನೌಕರಿ ಸಿಕ್ಕಿದ್ದು ಆಟದಿಂದ, ಆದರೆ ಸಂಬಳ ನೌಕರಿಯದು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಗಂಡಸರ ಕಬಡ್ಡಿ ಸೇರಿತು. ಅಲ್ಲಿಂದ 2014ರ ತನಕ ಪ್ರತಿ ಸಲವೂ ಚಿನ್ನ ಭಾರತಕ್ಕೇ ಬಂತು. ಹಾಗಿದ್ದರೂ ಆ ಆಟಗಾರರ ಹೆಸರು ನಮ್ಮೂರ ಚಹಾದಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿನ್ನ ಗೆದ್ದವರು ರೈಲಿನಲ್ಲಿ ಸಾಮಾನ್ಯ ಡಬ್ಬಿಯಲ್ಲಿ ಊರಿಗೆ ಹೋದರೂ ಪಕ್ಕದವನಿಗೆ ಗೊತ್ತಾಗದ ಕಾಲ ಅದು.

2014ರ ಜುಲೈ 26ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಎಂಟು ತಂಡ. ತಂಡಗಳನ್ನು ಕೊಂಡವರು ಕಂಪನಿಗಳು ಮತ್ತು ಸಿರಿವಂತರು. ಬೆಂಗಳೂರು ಹೆಸರಿನ ತಂಡ ಕಾಸ್ಮಿಕ್ ಗ್ಲೋಬಲ್ ಮೀಡಿಯಾ ಎಂಬ ಕಂಪನಿಯ ಪಾಲಿಗೆ ಬಂತು. ಬುಲ್ಸ್ ಎಂದರೆ ಹೋರಿಗಳು. ಸರಕಾರದ್ದಲ್ಲ, ಕರ್ನಾಟಕದ ಕಬಡ್ಡಿ ಸಂಸ್ಥೆಯದೂ ಅಲ್ಲ. ಊರಿನ ಹೆಸರು ಮಾತ್ರ ನಮ್ಮದು.

ಆಟಗಾರರನ್ನು ಹರಾಜಿನಲ್ಲಿ ಹಿಡಿಯುತ್ತಾರೆ. ನಗಬೇಡಿ, ದನದ ಸಂತೆಗೂ ಇದಕ್ಕೂ ಬಹಳ ಫರಕಿಲ್ಲ. ನೀವು ಎಮ್ಮೆ ಕೊಳ್ಳುವಾಗ ಹಲ್ಲು ನೋಡುತ್ತೀರಿ, ಕೆಚ್ಚಲು ಮುಟ್ಟುತ್ತೀರಿ, ಎಷ್ಟನೇ ಸೂಲು ಎಂದು ಕೇಳುತ್ತೀರಿ. ಅಲ್ಲಿ ಹಿಂದಿನ ವರ್ಷ ಎಷ್ಟು ಪಾಯಿಂಟ್ ತಂದ, ಮೊಣಕಾಲು ಸರಿ ಇದೆಯೇ, ವಯಸ್ಸೆಷ್ಟು ಎಂದು ನೋಡುತ್ತಾರೆ. ಒಂದೇ ವ್ಯತ್ಯಾಸ, ಇಲ್ಲಿ ದುಡ್ಡು ಮಾರಾಟವಾದವನ ಕೈಗೇ ಬರುತ್ತದೆ. ಮೊದಲ ವರ್ಷದ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್ ಅವರಿಗೆ, 12 ಲಕ್ಷ 80 ಸಾವಿರ ರೂಪಾಯಿ. ನಾಲ್ಕು ವರ್ಷದ ನಂತರ, 2018ರಲ್ಲಿ, ಮೋನು ಗೋಯತ್ ಅವರಿಗೆ 1 ಕೋಟಿ 51 ಲಕ್ಷ. ಅದಕ್ಕೂ ನಾಲ್ಕು ವರ್ಷದ ಮೇಲೆ ಪವನ್ ಸೆಹ್ರಾವತ್ ಅವರಿಗೆ 2 ಕೋಟಿ 26 ಲಕ್ಷ. ಹಾಲಿನ ದರ ಹೀಗೆ ಏರಿದ್ದರೆ ಎಂದು ನೀವು ಅಂದುಕೊಳ್ಳುತ್ತಿರುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ.

ಬುಲ್ಸ್ ತಂಡದ ಮೊದಲ ನಾಯಕ ಮಂಜೀತ್ ಚಿಲ್ಲರ್. ಕೋಚ್ ರಣಧೀರ್ ಸಿಂಗ್. ಇಬ್ಬರೂ ದೆಹಲಿ-ಹರಿಯಾಣ ಕಡೆಯವರು. ಹರಿಯಾಣ ಎಂದರೆ ನಮ್ಮ ಇಲಾಖೆಯವರಿಗೆ ನೆನಪಾಗುವುದು ಮುರ್ರಾ ಎಮ್ಮೆ. ಕಬಡ್ಡಿಯವರಿಗೆ ಆ ಸೀಮೆಯೇ ಆಟಗಾರರ ತವರು. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ತಂಡದ ಸ್ವಂತ ಅಂಗಳವಾಯಿತು. ಮೊದಲ ವರ್ಷ ಸೆಮಿಫೈನಲ್ ತನಕ ಬಂದು ಮುಂಬೈ ತಂಡಕ್ಕೆ ಸೋತು, ನಾಲ್ಕನೇ ಸ್ಥಾನದಲ್ಲಿ ನಿಂತಿತು. ಎರಡನೇ ವರ್ಷ, 2015ರಲ್ಲಿ, ಫೈನಲ್ ಮುಟ್ಟಿತು. ಅಲ್ಲಿಯೂ ಅದೇ ಮುಂಬೈ, 36–30ರ ಸೋಲು.

ಆಮೇಲೆ ತಂಡ ಒಣಗಿತು. ಮಂಜೀತ್ ಬೇರೆ ತಂಡಕ್ಕೆ ಹೋದರು. ಐದನೇ ಆವೃತ್ತಿಯಲ್ಲಿ ಇನ್ನೂ ವಿಚಿತ್ರ: ಬೆಂಗಳೂರಿನಲ್ಲಿ ಕ್ರೀಡಾಂಗಣ ಸಿಗದೆ ‘ಬೆಂಗಳೂರು’ ತಂಡ ತನ್ನ ಮನೆಯ ಪಂದ್ಯಗಳನ್ನು ಮಹಾರಾಷ್ಟ್ರದ ನಾಗಪುರದಲ್ಲಿ ಆಡಿತು. ಊರ ಹೆಸರು ಹೊತ್ತ ತಂಡಕ್ಕೆ ಆ ಊರಲ್ಲೇ ಕೊಟ್ಟಿಗೆ ಇಲ್ಲ! ಅದನ್ನು ಬೇಡ ಎನ್ನಲು ಬೆಂಗಳೂರಿನ ಅಭಿಮಾನಿಗೆ ಯಾವ ಸಭೆಯೂ ಇರಲಿಲ್ಲ, ಮತವೂ ಇರಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಗೆಲುವು ಬಂದದ್ದು ಆರನೇ ಆವೃತ್ತಿಯಲ್ಲಿ. 2019ರ ಜನವರಿ 5, ಮುಂಬೈ. ಎದುರಿಗೆ ಗುಜರಾತ್. ಮೊದಲರ್ಧದಲ್ಲಿ ಗುಜರಾತೇ ಮುಂದೆ. ಆಮೇಲೆ ಪವನ್ ಸೆಹ್ರಾವತ್ ಎದ್ದರು. ಒಬ್ಬರೇ 22 ಪಾಯಿಂಟ್. ಬುಲ್ಸ್ 38, ಗುಜರಾತ್ 33. ತಮಾಷೆ ಎಂದರೆ ಹಿಂದಿನ ವರ್ಷ ಪವನ್ ಇದೇ ಗುಜರಾತ್ ತಂಡದಲ್ಲಿದ್ದರು, ಹೆಚ್ಚಿನ ಅವಕಾಶ ಸಿಕ್ಕಿರಲಿಲ್ಲ. ಮೇವು ಹಾಕದೆ ಮಾರಿದ ಮಣಕ ಪಕ್ಕದ ಮನೆಯಲ್ಲಿ ಹತ್ತು ಲೀಟರ್ ಕೊಟ್ಟರೆ ಹೊಟ್ಟೆ ಉರಿಯುವುದು ಹೇಗೆ ಎಂದು ನಿಮಗೆ ಹೇಳಬೇಕಿಲ್ಲ.

ಇಷ್ಟು ಗಂಡಸರ ಕಥೆ. ಈಗ ನಿಮ್ಮ ಎರಡನೇ ಪ್ರಶ್ನೆ.

ಹೆಂಗಸರ ಕಬಡ್ಡಿ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿದ್ದು 2010ರಲ್ಲಿ, ಚೀನಾದ ಗುವಾಂಗ್‌ಝೌ ನಗರದಲ್ಲಿ. ಮೊದಲ ಚಿನ್ನ ಭಾರತದ್ದೇ. ಆ ತಂಡದಲ್ಲಿ ಕರ್ನಾಟಕದ ಇಬ್ಬರಿದ್ದರು: ಬೆಂಗಳೂರಿನ ತೇಜಸ್ವಿನಿ ಬಾಯಿ, ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ. ತೇಜಸ್ವಿನಿಗೆ 2011ರಲ್ಲಿ, ಮಮತಾಗೆ 2014ರಲ್ಲಿ ಅರ್ಜುನ ಪ್ರಶಸ್ತಿ. 2012ರಲ್ಲಿ ಪಾಟ್ನಾದಲ್ಲಿ ನಡೆದ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡಕ್ಕೆ ಮಮತಾ ನಾಯಕಿ. ಆಕೆ ಕೃಷಿಕರ ಮನೆಯ ಮಗಳು. ನೌಕರಿ ದಕ್ಷಿಣ ಮಧ್ಯ ರೈಲ್ವೆಯಲ್ಲಿ, ಅಂದರೆ ನಮ್ಮ ವಾಡಿಯಿಂದ ಸೇಡಂ ಮೇಲೆ ಸಿಕಂದರಾಬಾದಿಗೆ ಹೋಗುವ ಹಳಿ ಯಾರದೋ ಅವರಲ್ಲಿ.

2016ರಲ್ಲಿ ಪ್ರೊ ಕಬಡ್ಡಿಯವರು ಹೆಂಗಸರಿಗೂ ಒಂದು ಪ್ರಯೋಗ ಮಾಡಿದರು. ಮೂರೇ ತಂಡ: ಫೈರ್ ಬರ್ಡ್ಸ್, ಐಸ್ ದಿವಾಸ್, ಸ್ಟಾರ್ಮ್ ಕ್ವೀನ್ಸ್. ಯಾವ ಊರಿನ ಹೆಸರೂ ಇಲ್ಲ, ಬೆಂಕಿ, ಹಿಮ, ಬಿರುಗಾಳಿ ಅಷ್ಟೇ. ಜುಲೈ 31ರಂದು ನಮಗೆ ಹತ್ತಿರದ ಹೈದರಾಬಾದಿನಲ್ಲಿ ಫೈನಲ್. ಒಂದು ಕಡೆ ನಾಯಕಿ ಮಮತಾ ಪೂಜಾರಿ, ಇನ್ನೊಂದು ಕಡೆ ತೇಜಸ್ವಿನಿ ಬಾಯಿ. ದೇಶದ ಮೊದಲ ಅಂಥ ಫೈನಲ್ಲಿನ ಎರಡೂ ನಾಯಕಿಯರು ಕನ್ನಡದವರು! ತೇಜಸ್ವಿನಿಯ ತಂಡ 24–23ರಿಂದ ಗೆದ್ದಿತು. ಒಂದೇ ಒಂದು ಪಾಯಿಂಟ್. ಅದೇ ದಿನ, ಅದೇ ಊರಲ್ಲಿ ಗಂಡಸರ ಫೈನಲ್ 37–29ಕ್ಕೆ ಮುಗಿದಿತ್ತು. ಯಾವ ಆಟ ಹೆಚ್ಚು ರೋಚಕವಾಗಿತ್ತು ಎಂದು ಅಂಕ ನೋಡಿ ನೀವೇ ಹೇಳಿ.

ಮರುವರ್ಷ, 2017ರಲ್ಲಿ, ಗಂಡಸರ ತಂಡಗಳು ಎಂಟರಿಂದ ಹನ್ನೆರಡಾದವು. ಹೆಂಗಸರ ಮೂರು ತಂಡ ಮತ್ತೆ ಅಂಗಳಕ್ಕೆ ಬರಲಿಲ್ಲ. ಆಟಗಾರ್ತಿಯರು ಇರಲಿಲ್ಲವೆಂದಲ್ಲ, ಆಟ ಚೆನ್ನಾಗಿರಲಿಲ್ಲವೆಂದೂ ಅಲ್ಲ. ತಂಡ ಯಾರದೋ, ನಿರ್ಧಾರವೂ ಅವರದೇ.

ಹಾಗಾದರೆ ತಂಡವೊಂದು ಊರ ಜನರದ್ದೇ ಆಗಲು ಸಾಧ್ಯವೇ? ಒಂದು ಕಡೆ ಆಗಿದೆ, ಅದೂ ಹಾಲಿನ ಸೀಮೆಯಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ ಹಾಲು ಮತ್ತು ಚೀಸಿಗೆ ಎಷ್ಟು ಹೆಸರಾದದ್ದೆಂದರೆ ಅಲ್ಲಿನ ಗಾಡಿಗಳ ನಂಬರ್ ಪ್ಲೇಟಿನ ಮೇಲೇ ‘ಅಮೆರಿಕದ ಹಾಲಿನ ನಾಡು’ ಎಂದು ಬರೆದಿರುತ್ತದೆ. ಅಲ್ಲಿ ಗ್ರೀನ್ ಬೇ ಎಂಬ ಸಣ್ಣ ಊರು. 1919ರಲ್ಲಿ ಕರ್ಲಿ ಲ್ಯಾಂಬೋ ಎಂಬ ಯುವಕ, ಜಾರ್ಜ್ ಕ್ಯಾಲ್‌ಹೂನ್ ಎಂಬ ಪತ್ರಕರ್ತ ಸೇರಿ ಒಂದು ತಂಡ ಕಟ್ಟಿದರು. ಆಟ ಅಮೆರಿಕನ್ ಫುಟ್‌ಬಾಲ್: ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎದುರಿನವರು ಕಬಡ್ಡಿಯ ಹಾಗೆ ಮೈಮೇಲೆ ಬಿದ್ದು ತಡೆಯುವುದು. ಲ್ಯಾಂಬೋ ಕೆಲಸ ಮಾಡುತ್ತಿದ್ದ ಮಾಂಸ ಪ್ಯಾಕಿಂಗ್ ಕಂಪನಿ ಅಂಗಿಗಳಿಗೆಂದು 500 ಡಾಲರ್ ಕೊಟ್ಟಿತು. ಅದಕ್ಕೇ ತಂಡದ ಹೆಸರು ಪ್ಯಾಕರ್ಸ್.

ಎರಡು ಮೂರು ವರ್ಷದಲ್ಲೇ ಸಾಲ. 1922ರಲ್ಲಿ ಮಳೆ ಬಂದು ಜನ ಬರಲಿಲ್ಲ. ಮಳೆ ವಿಮೆ ಮಾಡಿಸಿದ್ದರು, ಆದರೆ ಬಿದ್ದ ಮಳೆ ಕರಾರಿಗಿಂತ ಕೂದಲೆಳೆಯಷ್ಟು ಕಡಿಮೆ ಎಂದು ವಿಮೆ ಕಂಪನಿ ದುಡ್ಡು ಕೊಡಲಿಲ್ಲ ಎಂಬ ಕಥೆ ಆ ಊರಲ್ಲಿ ಇಂದಿಗೂ ಹೇಳುತ್ತಾರೆ. ದನದ ವಿಮೆ ಮಾಡಿಸಿ ಕಿವಿಯೋಲೆ ಬಿದ್ದುಹೋಗಿ ಪರದಾಡಿದವರಿಗೆ ಇದು ಹೊಸದಲ್ಲ. (ಓಲೆ ಬಿದ್ದರೆ ಕೂಡಲೇ ನಮಗೆ ತಿಳಿಸಿ, ಹೊಸದು ಹಾಕಿಸಿ, ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಮಾತು ಬಂತು, ಹೇಳಿಬಿಟ್ಟೆ.)

ಊರಿನವರು ಆಗ ಒಂದು ದಾರಿ ಹುಡುಕಿದರು. 1923ರಲ್ಲಿ ಐದು ಡಾಲರಿಗೊಂದರಂತೆ 1000 ಷೇರುಗಳನ್ನು ಊರಿನವರಿಗೇ ಮಾರಿದರು. ಷೇರಿಗೆ ಲಾಭಾಂಶವಿಲ್ಲ. ಮಾರಿ ದುಡ್ಡು ಮಾಡುವ ಹಾಗಿಲ್ಲ. ಬಂದ ಲಾಭವೆಲ್ಲ ತಂಡಕ್ಕೇ. ಹೀಗಿದ್ದೂ ಜನ ಕೊಂಡರು. ಆ ತಂಡ 1929, 1930, 1931, ಸತತ ಮೂರು ವರ್ಷ ದೇಶದ ಚಾಂಪಿಯನ್ ಆಯಿತು. ಇಂದು ಅದಕ್ಕೆ 5 ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಊರಿನ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಆ ಲೀಗಿನ ಬೇರೆ ಸಣ್ಣ ಊರುಗಳ ತಂಡಗಳು ಮುಚ್ಚಿದವು, ಇಲ್ಲವೇ ದೊಡ್ಡ ನಗರಗಳಿಗೆ ಹೋದವು. ಇದೊಂದು ಉಳಿಯಿತು, ಏಕೆಂದರೆ ಇದನ್ನು ಎತ್ತಿಕೊಂಡು ಹೋಗುವ ಒಬ್ಬ ಯಜಮಾನ ಇಲ್ಲ.

ಇದರಲ್ಲಿ ನಿಮಗೆ ಪರಿಚಯದ ವಾಸನೆ ಬಂದಿರಬೇಕು. ನಿಮ್ಮ ಸಂಘದ್ದೂ ಷೇರಿನ ಲೆಕ್ಕವೇ. ಒಂದು ವಿಷಯದಲ್ಲಿ ನಿಮ್ಮದೇ ಮೇಲು: ಅಲ್ಲಿ ಷೇರು ಹೆಚ್ಚಿದ್ದವರಿಗೆ ಮತ ಹೆಚ್ಚು. ಇಲ್ಲಿ ಎರಡು ಆಕಳು ಇದ್ದವಳಿಗೂ ಇಪ್ಪತ್ತು ಇದ್ದವಳಿಗೂ ಒಂದೇ ಮತ. ನಿಮ್ಮ ‘ನಂದಿನಿ’ ಹೆಸರು 2024ರ ಟಿ-20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಕ್ರಿಕೆಟ್ ತಂಡಗಳ ಅಂಗಿಯ ಮೇಲೆ ಬಂದಿತ್ತು. ಅಂಗಿ ಮೇಲೆ ಹೆಸರು ಬಂದ ಮಾತ್ರಕ್ಕೆ ತಂಡ ನಮ್ಮದಾಗುವುದಿಲ್ಲ, ಅದು ಜಾಹೀರಾತು. ಜಾಹೀರಾತು ಬೇಕು, ಹಾಲು ಮಾರಬೇಕಲ್ಲ. ಆದರೆ ಅದರಲ್ಲಿ ಒಂದಿಷ್ಟು ಹಳ್ಳಿ ಹುಡುಗಿಯರ ಕಬಡ್ಡಿಯ ಅಂಗಿಯ ಮೇಲೂ ಬರಲಿ ಎನ್ನುವ ಹಕ್ಕು ನಿಮಗಿದೆ. ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ಹೇಳಿ, ನಡಾವಳಿಯಲ್ಲಿ ಬರೆಸಿ. ಸಂಘದಿಂದ ಒಕ್ಕೂಟಕ್ಕೆ, ಒಕ್ಕೂಟದಿಂದ ಮಹಾಮಂಡಳಕ್ಕೆ ಮಾತು ಹೋಗುವ ದಾರಿ ಅದೇ. ನೌಕರಿಯಲ್ಲಿರುವ ನಾನು ಹೀಗೆ ಬರೆಯಬಹುದೋ ಇಲ್ಲವೋ, ಸದಸ್ಯರಾದ ನೀವು ಕೇಳಬಹುದು.

ಮತ್ತೆ, ನಿಮ್ಮ ಮಗಳ ಮಾತು. ಕೋಟಿ ರೂಪಾಯಿಯ ಹರಾಜು ಅವಳಿಗೆ ಸದ್ಯಕ್ಕಿಲ್ಲ. ಆದರೆ ಮಮತಾ ಹೋದ ದಾರಿ ಇದೆ. ಶಾಲೆಯ ಆಟ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತದೆ. ಪ್ರತಿ ಹಂತದ ಪ್ರಮಾಣಪತ್ರ ಮುಂದೆ ಕಾಲೇಜು ಸೀಟಿಗೆ, ರೈಲ್ವೆಯಂಥ ಕಡೆಯ ಕ್ರೀಡಾ ಕೋಟಾ ನೌಕರಿಗೆ ಬೇಕು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಮಕ್ಕಳ ಆಯ್ಕೆ ನಡೆಯುತ್ತದೆ. ಕಲಬುರಗಿಯ ಜಿಲ್ಲಾ ಕಚೇರಿಯಲ್ಲಿ, ಇಲ್ಲವೇ ಶಾಲೆಯ ದೈಹಿಕ ಶಿಕ್ಷಕರಲ್ಲಿ ವಿಚಾರಿಸಿ. ಹತ್ತನೇ ತರಗತಿ ಮುಗಿಯಿತು, ಇನ್ನು ಆಟ ಸಾಕು ಎನ್ನುವ ಮೊದಲು ವಿಚಾರಿಸಿ. ಪ್ರಮಾಣಪತ್ರಗಳನ್ನು ಹಾಲಿನ ಪಾಸ್‌ಬುಕ್ ಇಡುವ ಟ್ರಂಕಿನಲ್ಲೇ ಇಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಮಳೆಗಾಲದಲ್ಲಿ ನಮ್ಮ ಫರಸಿ ಕಲ್ಲಿನ ಮನೆಗಳಲ್ಲಿ ಕಾಗದ ಎಷ್ಟು ಬೇಗ ತಂಡಿ ಹಿಡಿಯುತ್ತದೆ ಎಂದು ನಿಮಗೇ ಗೊತ್ತು.